ವಿದ್ಯಾರ್ಥಿಯೋ, ವೃತ್ತಿಗಾರನೋ? — ಅಮೆರಿಕದ ಕಾಲೇಜು ಫುಟ್‌ಬಾಲಿನ ಒಂದು ಹಳೆಯ ವ್ಯಾಜ್ಯ

೧

ಗುರುಕುಲದಲ್ಲಿ ವಿದ್ಯೆಯನ್ನು ಮುಗಿಸಿದ ಬ್ರಹ್ಮಚಾರಿಯು ಗುರುವಿನ ಅನುಜ್ಞೆಯನ್ನು ಪಡೆದು, ಸ್ನಾನಮಾಡಿ, ಮನೆಗೆ ಮರಳುವ ಸಂಸ್ಕಾರಕ್ಕೆ ಸಮಾವರ್ತನವೆಂದು ಹೆಸರು. ಆ ಸ್ನಾನವಾಗುವ ತನಕ ಅವನು ವಿದ್ಯಾರ್ಥಿ. ಆದ ಬಳಿಕ ಗೃಹಸ್ಥಧರ್ಮಕ್ಕೂ ಅರ್ಥಾರ್ಜನೆಗೂ ಅಧಿಕಾರಿ. ಕಲಿಯುವ ಕಾಲಕ್ಕೂ ಗಳಿಸುವ ಕಾಲಕ್ಕೂ ನಡುವೆ ಒಂದು ಗೆರೆ ಇರಬೇಕೆಂಬ ಭಾವನೆ ಹೀಗೆ ನಮ್ಮಲ್ಲಿ ಬಹು ಪುರಾತನವಾದುದು. ದೂರದ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂಥದೇ ಒಂದು ಗೆರೆಯ ವಿಷಯವಾಗಿ ನೂರು ವರ್ಷಗಳಿಂದ ವ್ಯಾಜ್ಯ ನಡೆದುಬಂದಿದೆ. ಅಲ್ಲಿಯ ಕಾಲೇಜುಗಳಲ್ಲಿ ಫುಟ್‌ಬಾಲ್ ಆಡುವ ತರುಣನು ತನ್ನ ವ್ಯಾಸಂಗವನ್ನು ಮುಗಿಸುವುದಕ್ಕೆ ಮೊದಲೇ ಹಣಕ್ಕಾಗಿ ಆಡುವ ತಂಡಗಳನ್ನು ಸೇರಬಹುದೇ, ಕೂಡದೇ, ಎಂಬುದೇ ಆ ವ್ಯಾಜ್ಯದ ವಿಷಯ.

ಆಟದ ಮಾತಿಗೆ ಸಾಹಿತ್ಯಪತ್ರಿಕೆಯಲ್ಲಿ ಎಡೆಯೇಕೆ ಎಂದು ಕೆಲವು ವಾಚಕರಿಗೆ ತೋರಬಹುದು. ಆದರೆ ಈ ವ್ಯಾಜ್ಯದ ಒಳಗೆ ಇಳಿದು ನೋಡಿದರೆ, ವಿದ್ಯಾಸಂಸ್ಥೆಯ ಧರ್ಮವೇನು, ತರುಣನ ದೇಹಶ್ರಮದ ಫಲಕ್ಕೆ ಒಡೆಯರಾರು, ಹಿತವನ್ನು ಬಯಸುತ್ತೇವೆಂದು ಹೇಳುವವರ ಮಾತನ್ನು ಎಷ್ಟುಮಟ್ಟಿಗೆ ನಂಬಬಹುದು, ಎಂಬ ಪ್ರಶ್ನೆಗಳು ಎದುರಾಗುತ್ತವೆ. ಮಕ್ಕಳನ್ನು ಓದಿಸುವ ಪ್ರತಿಯೊಂದು ಮನೆಗೂ ಈ ಪ್ರಶ್ನೆಗಳು ಸಂಬಂಧಪಟ್ಟವು.

ಮೊದಲು ಆಟದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳುವುದು ಅವಶ್ಯಕ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಾವು ಬಲ್ಲ ಕಾಲ್ಚೆಂಡಿನ ಆಟವಲ್ಲ. ಅದರ ಚೆಂಡು ಎರಡು ತುದಿಗಳಲ್ಲಿ ಚೂಪಾದುದು. ಅದನ್ನು ಕೈಯಲ್ಲಿ ಹಿಡಿದು ಓಡುವರು, ಎಸೆಯುವರು. ಚೆಂಡನ್ನು ಹಿಡಿದವನನ್ನು ಎದುರಾಳಿಗಳು ಮೈಮೇಲೆ ಬಿದ್ದು ನೆಲಕ್ಕೆ ಕೆಡವುವರು. ಒಂದೊಂದು ಪಕ್ಷಕ್ಕೆ ಹನ್ನೊಂದು ಮಂದಿ. ತಲೆಗೆ ಶಿರಸ್ತ್ರಾಣ, ಹೆಗಲಿಗೆ ದಪ್ಪನೆಯ ಕಾಪು ಧರಿಸಿ ಆಡಬೇಕಾದ ಈ ಆಟದಲ್ಲಿ ಪೆಟ್ಟು ಆಕಸ್ಮಿಕವಲ್ಲ. ಅದು ಆಟದ ಅಂಗವೇ ಆಗಿದೆ. ಮುಂದಿನ ಎಲ್ಲ ವಿಚಾರಕ್ಕೂ ಇದೇ ತಳಹದಿ.

೨

೧೮೬೯ನೆಯ ಇಸವಿ ನವೆಂಬರ್ ೬ರಂದು ನ್ಯೂಜರ್ಸಿ ಪ್ರಾಂತದಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ವಿದ್ಯಾರ್ಥಿಗಳು ಪರಸ್ಪರ ಆಡಿದುದನ್ನು ಅಮೆರಿಕದ ಅಂತರಕಾಲೇಜು ಫುಟ್‌ಬಾಲಿನ ಆರಂಭವೆಂದು ಎಣಿಸುವರು. ಅಂದಿನ ಆಟವು ಇಂದಿನ ರೂಪದ್ದಲ್ಲ. ೧೮೮೦ರಿಂದೀಚೆಗೆ ಯೇಲ್ ಕಾಲೇಜಿನ ವಾಲ್ಟರ್ ಕ್ಯಾಂಪ್ ಎಂಬವರು ಅದರ ನಿಯಮಗಳನ್ನು ತಿದ್ದಿ ಈಗಿನ ರೂಪವನ್ನು ಕೊಟ್ಟರು. ಆಟವು ವಿದ್ಯಾರ್ಥಿಗಳ ವಿನೋದವಾಗಿ ಹುಟ್ಟಿತು. ಒಂದು ತಲೆಮಾರು ಕಳೆಯುವುದರೊಳಗೆ ಊರಿಗೆ ಊರೇ ಹಣಕೊಟ್ಟು ನೋಡುವ ಉತ್ಸವವಾಯಿತು.

ಹಣಕ್ಕಾಗಿ ಆಡುವುದು ಹೀನವೆಂಬ ಭಾವನೆಯನ್ನು ಅಮೆರಿಕದವರು ಇಂಗ್ಲೆಂಡಿನಿಂದ ಪಡೆದರು. ಅಲ್ಲಿ ‘ಅಮೆಚೂರ್’ ಎಂದರೆ ಪ್ರೀತಿಗಾಗಿ ಆಡುವವನು ಎಂದರ್ಥ. ಅರ್ಥವು ಮನೋಹರವಾದುದೇ. ಆದರೆ ಆಚರಣೆಯಲ್ಲಿ ಅದು ಏನಾಗಿತ್ತೆಂಬುದಕ್ಕೆ ಹೆನ್ಲಿಯ ದೋಣಿಸ್ಪರ್ಧೆಯವರು ೧೮೭೯ರಲ್ಲಿ ಮಾಡಿದ ನಿಯಮವೇ ಸಾಕ್ಷಿ. ಕೂಲಿಗಾಗಿ ಕೈಕೆಲಸಮಾಡಿದ ಕುಶಲಕರ್ಮಿಯೂ ಕೂಲಿಕಾರನೂ ಅಲ್ಲಿ ಅಮೆಚೂರ್ ಎನಿಸಿಕೊಳ್ಳುವಂತಿರಲಿಲ್ಲ. ಅವನು ದೋಣಿಯನ್ನು ಎಷ್ಟು ಪ್ರೀತಿಯಿಂದ ಹುಟ್ಟುಹಾಕಿದರೂ ಸರಿಯೆ! ಅಂದಮೇಲೆ ಆ ನಿಯಮವು ಹಣದ ಲೋಭವನ್ನು ತಡೆಯುವುದಕ್ಕೆ ಮಾತ್ರ ಹುಟ್ಟಿದುದಲ್ಲ. ಹಣವಿದ್ದವರ ಕೂಟಕ್ಕೆ ಹಣವಿಲ್ಲದವರು ಬಾರದಂತೆ ಹಾಕಿದ ಬೇಲಿಯೂ ಆಗಿತ್ತು.

ಬೇಲಿಯು ಅಮೆರಿಕದಲ್ಲಿ ಬೇಗನೆ ಮುರಿಯಿತು. ೧೮೯೨ನೆಯ ನವೆಂಬರ್ ೧೨ರಂದು ಯೇಲ್‌ನ ಹಳೆಯ ವಿದ್ಯಾರ್ಥಿ ಹೆಫಲ್‌ಫಿಂಗರನು ಪಿಟ್ಸ್‌ಬರ್ಗಿನ ಒಂದು ಕ್ರೀಡಾಸಂಘಕ್ಕಾಗಿ ಒಂದು ಪಂದ್ಯವನ್ನಾಡಲು ೫೦೦ ಡಾಲರುಗಳನ್ನು ಪಡೆದನು. ಹಣಪಡೆದು ಫುಟ್‌ಬಾಲ್ ಆಡಿದ ಮೊದಲಿಗನೆಂದು ಇಂದು ಇತಿಹಾಸಕಾರರು ಅವನನ್ನೇ ಹೆಸರಿಸುವರು.

ಇತ್ತ ಕಾಲೇಜುಗಳಲ್ಲಿ ಆಟವು ದಿನೇ ದಿನೇ ಕ್ರೂರವಾಗುತ್ತ ಬಂದಿತು. ೧೯೦೫ರ ಒಂದೇ ಋತುವಿನಲ್ಲಿ ಶಾಲಾಕಾಲೇಜುಗಳ ಸುಮಾರು ೧೮ ಮಂದಿ ತರುಣರು ಆಟದ ಪೆಟ್ಟಿನಿಂದ ಮೃತರಾದರೆಂದು ಪತ್ರಿಕೆಗಳು ಬರೆದುವು. ಅದೇ ಅಕ್ಟೋಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಎಚ್ಚರಿಸಿದರು. ಇದರ ಫಲವಾಗಿ ೧೯೦೬ರಲ್ಲಿ ಕಾಲೇಜುಗಳ ಒಂದು ಒಕ್ಕೂಟವು ಸ್ಥಾಪಿತವಾಯಿತು. ೧೯೧೦ರಲ್ಲಿ ಅದು ರಾಷ್ಟ್ರೀಯ ಕಾಲೇಜು ಕ್ರೀಡಾಸಂಘ, ಎಂದರೆ ಎನ್.ಸಿ.ಎ.ಎ., ಎಂಬ ಹೆಸರನ್ನು ತಾಳಿತು. ಇಲ್ಲಿ ಒಂದು ಅಂಶವನ್ನು ಮನಸ್ಸಿನಲ್ಲಿಡಬೇಕು. ಈ ಸಂಘವು ಹುಟ್ಟಿದುದು ತರುಣರ ಪ್ರಾಣರಕ್ಷಣೆಗಾಗಿ. ಮುಂದೆ ಅದು ಹೆಚ್ಚಾಗಿ ಕಾದುದು ಬೇರೊಂದನ್ನು.

೩

ವ್ಯಾಜ್ಯವು ಸ್ಪಷ್ಟವಾದ ರೂಪವನ್ನು ತಾಳಿದುದು ೧೯೨೫ರಲ್ಲಿ. ಅದಕ್ಕೆ ಐದು ವರ್ಷಗಳ ಹಿಂದೆ, ಒಹಾಯೊ ಪ್ರಾಂತದ ಕ್ಯಾಂಟನ್ ಪಟ್ಟಣದ ಒಂದು ಮೋಟಾರುಗಾಡಿಯ ಅಂಗಡಿಯಲ್ಲಿ ಕೆಲವರು ಸೇರಿ, ಹಣಕ್ಕಾಗಿ ಆಡುವ ತಂಡಗಳ ಒಂದು ಕೂಟವನ್ನು ಸ್ಥಾಪಿಸಿದ್ದರು. ೧೯೨೨ರಲ್ಲಿ ಅದಕ್ಕೆ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಹೆಸರಾಯಿತು. ಅಂದು ಈ ಲೀಗಿಗೆ ಮರ್ಯಾದೆಯೂ ಇರಲಿಲ್ಲ, ಹಣವೂ ಇರಲಿಲ್ಲ. ಕಾಲೇಜಿನ ಹುಡುಗರು ಹುಸಿ ಹೆಸರಿನಿಂದ ಬಂದು ಆಡಿ ಹೋಗುವುದು ಸಾಮಾನ್ಯವಾಗಿತ್ತು. ೧೯೨೧ರಲ್ಲಿ ಹೀಗೆ ಕಾಲೇಜು ಆಟಗಾರರನ್ನು ಬಳಸಿದ ಅಪರಾಧಕ್ಕಾಗಿ ಗ್ರೀನ್ ಬೇ ಊರಿನ ತಂಡವು ಲೀಗಿನಿಂದ ಹೊರಬೀಳಬೇಕಾಯಿತು. ಮರುವರ್ಷ ಕ್ಷಮೆಯನ್ನು ಪಡೆದು ಒಳಗೆ ಬಂದಿತು.

ಇಲಿನಾಯ್ ವಿಶ್ವವಿದ್ಯಾಲಯದ ಹೆರಾಲ್ಡ್ ಗ್ರೇಂಜನು, ‘ರೆಡ್’ ಗ್ರೇಂಜನೆಂದೇ ಪ್ರಸಿದ್ಧನಾದವನು, ಬಡತನದಲ್ಲಿ ಬೆಳೆದ ಹುಡುಗ. ಬೇಸಗೆಯ ರಜೆಯಲ್ಲಿ ತನ್ನ ವ್ಹೀಟನ್ ಊರಿನಲ್ಲಿ ಮನೆಮನೆಗೆ ಮಂಜುಗಡ್ಡೆಯನ್ನು ಹೊತ್ತು ಹಣ ಸಂಪಾದಿಸುತ್ತಿದ್ದನು. ೧೯೨೪ನೆಯ ಅಕ್ಟೋಬರ್ ೧೮ರಂದು ಮಿಷಿಗನ್ ತಂಡದ ಎದುರಿಗೆ ಮೊದಲ ಹನ್ನೆರಡು ನಿಮಿಷಗಳಲ್ಲಿ ಅವನು ನಾಲ್ಕು ಬಾರಿ ಗೆರೆಯನ್ನು ದಾಟಿದನು. ಅಂದಿನಿಂದ ಅವನ ಹೆಸರು ದೇಶವೆಲ್ಲ ಹರಡಿತು. ಅವನ ಆಟವನ್ನು ನೋಡಲು ಬಂದವರ ಹಣದಿಂದ ಕಾಲೇಜಿನ ಬೊಕ್ಕಸ ತುಂಬಿತು. ಅವನು ಮಾತ್ರ ಮಂಜುಗಡ್ಡೆ ಹೊರುವುದು ತಪ್ಪಲಿಲ್ಲ.

೧೯೨೫ನೆಯ ನವೆಂಬರ್ ೨೧ರಂದು ಗ್ರೇಂಜನು ಕಾಲೇಜಿಗಾಗಿ ಕೊನೆಯ ಪಂದ್ಯವನ್ನಾಡಿದನು. ಮರುದಿನವೇ ಪೈಲ್ ಎಂಬ ಮಧ್ಯಸ್ಥನ ಮೂಲಕ ಚಿಕಾಗೊ ಬೇರ್ಸ್ ತಂಡದೊಡನೆ ಕರಾರುಮಾಡಿಕೊಂಡನು. ಐದು ದಿನಗಳೊಳಗೆ, ನವೆಂಬರ್ ೨೬ರಂದು, ಸುಮಾರು ೩೬,೦೦೦ ಪ್ರೇಕ್ಷಕರ ಮುಂದೆ ಹಣಕ್ಕಾಗಿ ಆಡಿದನು. ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಅವನನ್ನು ನೋಡಲು ೬೫,೦೦೦ಕ್ಕೂ ಹೆಚ್ಚು ಜನ ಸೇರಿದರು. ಸಾಲದಲ್ಲಿ ಮುಳುಗುತ್ತಿದ್ದ ಅಲ್ಲಿಯ ತಂಡವು ಆ ಒಂದು ದಿನದ ಆದಾಯದಿಂದ ಉಳಿದುಕೊಂಡಿತು. ಎರಡು ತಿಂಗಳಿಗೆ ತುಸು ಮೇಲಾದ ಕಾಲದಲ್ಲಿ ದೇಶದ ಉದ್ದಗಲಕ್ಕೂ ೧೯ ಪಂದ್ಯಗಳನ್ನು ಆಡಿಸಿದರು. ಪದವಿಯ ವ್ಯಾಸಂಗವು ಅರ್ಧಕ್ಕೆ ನಿಂತಿತು.

ಕಾಲೇಜುಗಳಲ್ಲಿ ಕೋಲಾಹಲವೆದ್ದಿತು. ಅವನಿಗೆ ಆಟವನ್ನು ಕಲಿಸಿದ ಜಪ್ಕೆ ಎಂಬ ಶಿಕ್ಷಕರು ಬಹಳವಾಗಿ ವಿರೋಧಿಸಿದರು. ಕಲಿಸುವುದಕ್ಕೆ ತಾವು ಹಣವನ್ನು ಪಡೆಯುವುದು ಸರಿಯಾದರೆ ಆಡುವುದಕ್ಕೆ ತಾನು ಪಡೆಯುವುದು ಹೇಗೆ ತಪ್ಪು, ಎಂದು ಗ್ರೇಂಜನು ಅವರನ್ನು ಕೇಳಿದುದಾಗಿ ತಾನೇ ಮುಂದೆ ಹೇಳಿಕೊಂಡಿದ್ದಾನೆ. ನಮ್ಮ ಮನುಧರ್ಮಶಾಸ್ತ್ರವು ಭೃತಕಾಧ್ಯಾಪಕನನ್ನು, ಎಂದರೆ ಸಂಬಳಕ್ಕೆ ಪಾಠಹೇಳುವವನನ್ನು, ಶ್ರಾದ್ಧದ ಪಂಕ್ತಿಗೆ ಬಾರದವರಲ್ಲಿ ಎಣಿಸಿದೆ. ಆ ನಿಯಮವನ್ನು ಈಗ ಹಿಡಿದರೆ ಸಂಬಳವುಂಡ ನಮ್ಮಂಥ ಉಪಾಧ್ಯಾಯರಿಗೆಲ್ಲ ಎಲೆಯೇ ಬೀಳದು. ಶಾಸ್ತ್ರವಾದರೂ ಗುರುವಿಗೂ ನಿಯಮವಿಟ್ಟಿತು; ಅಮೆರಿಕದ ಕಾಲೇಜುಗಳು ಶಿಷ್ಯನಿಗೆ ಮಾತ್ರ ಇಟ್ಟುವು. ಗ್ರೇಂಜನ ಪ್ರಶ್ನೆಗೆ ಅಂದು ಉತ್ತರ ದೊರೆಯಲಿಲ್ಲ.

ದೊರೆತುದು ಒಂದು ನಿಯಮ. ಅದೇ ಡಿಸೆಂಬರಿನಲ್ಲಿ ಚಿಕಾಗೊವಿನ ನಾಲ್ವರು ಹೈಸ್ಕೂಲು ಹುಡುಗರನ್ನು ಹುಸಿ ಹೆಸರಿನಿಂದ ಒಂದು ಪಂದ್ಯದಲ್ಲಿ ಆಡಿಸಿದ ಹಗರಣವೂ ಹೊರಬಿದ್ದು ಲೀಗಿನ ಮಾನವು ಮತ್ತಷ್ಟು ಹೋಯಿತು. ೧೯೨೬ರಲ್ಲಿ ಲೀಗು ಪ್ರತಿಜ್ಞೆಮಾಡಿತು: ಒಬ್ಬ ತರುಣನ ಜೊತೆಯಲ್ಲಿ ಕಾಲೇಜನ್ನು ಸೇರಿದವರು ಪದವಿಯನ್ನು ಪಡೆದು ಹೊರಬರುವವರೆಗೆ ಅವನನ್ನು ಯಾವ ತಂಡವೂ ಸೇರಿಸಿಕೊಳ್ಳಕೂಡದು. ಇದಕ್ಕೆ ‘ಗ್ರೇಂಜ್ ನಿಯಮ’ವೆಂದೇ ಹೆಸರಾಯಿತು.

ಈ ನಿಯಮದ ಮರ್ಮವನ್ನು ಗಮನಿಸಬೇಕು. ತರುಣನು ಪದವಿಯನ್ನು ಪಡೆಯಲೇಬೇಕೆಂದು ಅದು ಹೇಳಲಿಲ್ಲ. ಅವನ ಜೊತೆಗಾರರ ಕಾಲ ಮುಗಿಯಲೆಂದು ಮಾತ್ರ ಹೇಳಿತು. ಅವನು ಓದಿದನೇ, ಬಿಟ್ಟನೇ ಎಂಬುದು ಲೀಗಿಗೆ ಬೇಡವಾಗಿತ್ತು. ವಿದ್ಯೆಯೇ ಉದ್ದೇಶವಾಗಿದ್ದರೆ ವಿದ್ಯೆಯನ್ನೇ ಅಳೆಯಬೇಕಾಗಿತ್ತಲ್ಲವೆ? ಅಳೆದುದು ಕಾಲವನ್ನು.

೪

೧೯೩೬ರಲ್ಲಿ ಲೀಗು ‘ಡ್ರಾಫ್ಟ್’ ಎಂಬ ಪದ್ಧತಿಯನ್ನು ತಂದಿತು. ವರ್ಷಕ್ಕೊಮ್ಮೆ ತಂಡಗಳು ಸರದಿಯಂತೆ ಕಾಲೇಜಿನಿಂದ ಹೊರಬರುವ ಆಟಗಾರರನ್ನು ಆರಿಸಿಕೊಳ್ಳುವುವು. ಸೋತ ತಂಡಕ್ಕೆ ಮೊದಲ ಸರದಿ. ಆರಿಸಿದ ತಂಡವನ್ನು ಬಿಟ್ಟು ಬೇರೊಂದರೊಡನೆ ವ್ಯವಹರಿಸಲು ಆಟಗಾರನಿಗೆ ಅಧಿಕಾರವಿಲ್ಲ. ವಿನೋದವೆಂದರೆ, ಮೊಟ್ಟಮೊದಲು ಆಯ್ಕೆಯಾದ ಚಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವ್ಯಾಂಗರನು ಹಣದ ಆಟವನ್ನು ಎಂದೂ ಆಡಲಿಲ್ಲ. ಕೊಡಬಂದ ವೇತನವು ಸಾಲದೆಂದು ಬೇರೆ ಉದ್ಯೋಗವನ್ನು ಹಿಡಿದನು. ಮೂರು ವರ್ಷಗಳ ತರುವಾಯ, ೧೯೩೯ರಲ್ಲಿ, ಅದೇ ವಿಶ್ವವಿದ್ಯಾಲಯದ ಅಧ್ಯಕ್ಷ ರಾಬರ್ಟ್ ಹಚಿನ್ಸರು ಇಂಥ ಆಟಕ್ಕೂ ವಿದ್ಯೆಗೂ ಕೂಡಿಬಾರದೆಂದು ಫುಟ್‌ಬಾಲ್ ತಂಡವನ್ನೇ ನಿಲ್ಲಿಸಿಬಿಟ್ಟರು. ಉಳಿದ ದೊಡ್ಡ ಕಾಲೇಜುಗಳಿಗೆ ಆ ಧೈರ್ಯ ಬರಲಿಲ್ಲ.

ಬಾರದಿದ್ದುದಕ್ಕೆ ಕಾರಣವು ಸ್ಪಷ್ಟ. ಅಷ್ಟು ಹೊತ್ತಿಗೆ ಕಾಲೇಜುಗಳು ಮಹಾಕ್ರೀಡಾಂಗಣಗಳನ್ನು ಕಟ್ಟಿಕೊಂಡಿದ್ದುವು. ೧೯೨೭ರಲ್ಲಿ ತೆರೆದ ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಇಂದು ೧,೦೭,೬೦೧ ಆಸನಗಳಿವೆ. ಇಂಥ ಸ್ಥಳವನ್ನು ತುಂಬಿಸಬಲ್ಲ ತರುಣನನ್ನು ನಾಲ್ಕು ವರ್ಷ ಬೇರೆ ಯಾರೂ ಕರೆಯದಿರಲೆಂಬುದು ಕಾಲೇಜಿಗೆ ಲಾಭ. ವೇತನವಿಲ್ಲದೆ ನಾಲ್ಕು ವರ್ಷ ಪಳಗಿ, ದೇಶಕ್ಕೆಲ್ಲ ಪರಿಚಿತನಾದ ಆಟಗಾರನು ಖರ್ಚಿಲ್ಲದೆ ಕೈಗೆ ಬರುವುದು ಲೀಗಿಗೆ ಲಾಭ. ಎರಡು ಕಡೆಯವರ ಒಡಂಬಡಿಕೆಯಲ್ಲಿ ಮೂರನೆಯವನಾದ ತರುಣನಿಗೆ ಸಹಿಹಾಕುವ ಎಡೆಯೇ ಇರಲಿಲ್ಲ.

೫

ಬಡ ಹುಡುಗರನ್ನು ಗುಟ್ಟಾಗಿ ಹಣಕೊಟ್ಟು ಕಾಲೇಜಿಗೆ ಸೆಳೆಯುವ ಅಭ್ಯಾಸವನ್ನು ಕಾರ್ನೆಗಿ ಪ್ರತಿಷ್ಠಾನವು ೧೯೨೯ರಲ್ಲಿ ಒಂದು ದೊಡ್ಡ ವರದಿಯ ಮೂಲಕ ಬಯಲಿಗೆಳೆಯಿತು. ಇದನ್ನು ತಡೆಯಲು ಎನ್.ಸಿ.ಎ.ಎ. ೧೯೪೮ರಲ್ಲಿ ಮಾಡಿದ ಕಟ್ಟಳೆಯು ಮೂರೇ ವರ್ಷ ಬಾಳಿತು. ಕಡೆಗೆ ೧೯೫೬ರಲ್ಲಿ ಸಂಘವು, ಆಟಗಾರನಿಗೆ ಆಟಕ್ಕಾಗಿಯೇ ವಿದ್ಯಾರ್ಥಿವೇತನವನ್ನು ಬಹಿರಂಗವಾಗಿ ಕೊಡಬಹುದೆಂದು ಒಪ್ಪಿತು: ಬೋಧನೆಯ ಶುಲ್ಕ, ವಸತಿ, ಊಟ, ಪುಸ್ತಕ. 

ಇದೇ ಕಾಲಕ್ಕೆ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಒಂದು ಸಮಾಸಪದವನ್ನು ಸಂಘದವರು ರೂಢಿಗೆ ತಂದರು. ವ್ಯಾಕರಣವನ್ನು ಓದಿದವರಿಗೆ ಸಮಾಸದ ಶಕ್ತಿ ತಿಳಿದಿದೆ. ಎರಡು ಪದಗಳನ್ನು ಕೂಡಿಸಿ ಮೂರನೆಯ ಅರ್ಥವನ್ನು ಹುಟ್ಟಿಸಬಹುದು. ಇಲ್ಲಿ ಹುಟ್ಟಿದ ಅರ್ಥವು ‘ನೌಕರನಲ್ಲದವನು’ ಎಂಬುದು. ಕೊಲರಾಡೊ ಪ್ರಾಂತದ ಒಂದು ಸಣ್ಣ ಕಾಲೇಜಿನ ಆಟಗಾರನೊಬ್ಬನು ೧೯೫೫ರಲ್ಲಿ ಆಟದಲ್ಲಿ ತಲೆಗೆ ಪೆಟ್ಟುಬಿದ್ದು ತೀರಿಕೊಂಡನು. ಕೆಲಸಗಾರರಿಗೆ ಸಲ್ಲುವ ಪರಿಹಾರವನ್ನು ಅವನ ವಿಧವೆಯು ಬೇಡಿದಳು. ಅವನು ಕೆಲಸಗಾರನಲ್ಲವೆಂದು ೧೯೫೭ರಲ್ಲಿ ಅಲ್ಲಿಯ ಉನ್ನತ ನ್ಯಾಯಾಲಯವು ಬೇಡಿಕೆಯನ್ನು ತಿರಸ್ಕರಿಸಿತು. ಆ ಸಮಾಸವನ್ನು ಪ್ರಚಾರಕ್ಕೆ ತಂದ ವಾಲ್ಟರ್ ಬೈಯರ್ಸರು ೧೯೫೧ರಿಂದ ೧೯೮೭ರವರೆಗೆ ಎನ್.ಸಿ.ಎ.ಎ.ಯ ಕಾರ್ಯನಿರ್ವಾಹಕರಾಗಿದ್ದವರು. ನಿವೃತ್ತರಾದಮೇಲೆ ೧೯೯೫ರಲ್ಲಿ ಗ್ರಂಥವೊಂದನ್ನು ಬರೆದು, ತಾವೇ ಕಟ್ಟಿದ ವ್ಯವಸ್ಥೆಯು ತರುಣರಿಗೆ ಅನ್ಯಾಯಮಾಡುತ್ತಿದೆಯೆಂದು ಸಾರಿದರು.

ಮಹಾಭಾರತದ ಆದಿಪರ್ವದಲ್ಲಿ ಬರುವ ಉಪಮನ್ಯುವಿನ ಕಥೆಯನ್ನು ವಾಚಕರು ಬಲ್ಲರು. ಧೌಮ್ಯನ ಶಿಷ್ಯನಾದ ಉಪಮನ್ಯುವು ಗುರುವಿನ ಹಸುಗಳನ್ನು ಕಾಯುತ್ತಿದ್ದನು. ತಂದ ಭಿಕ್ಷೆಯನ್ನು ಗುರುವೇ ತೆಗೆದುಕೊಂಡನು. ಹಸುವಿನ ಹಾಲನ್ನು ಕುಡಿಯಬಾರದೆಂದನು. ಕರುಗಳು ಉಗುಳಿದ ನೊರೆಯನ್ನೂ ಕುಡಿಯಬಾರದೆಂದನು. ಹಸಿವು ತಾಳಲಾರದೆ ಎಕ್ಕದ ಎಲೆಯನ್ನು ತಿಂದು ಕುರುಡಾಗಿ ಉಪಮನ್ಯುವು ಹಾಳುಬಾವಿಗೆ ಬಿದ್ದನು. ಆದರೆ ಅಲ್ಲಿ ಸಂಜೆಯಾದರೂ ಶಿಷ್ಯನು ಬಾರದಿರಲು ಗುರುವು ತಾನೇ ಕಾಡಿಗೆ ಹೋಗಿ ಹೆಸರು ಹಿಡಿದು ಕೂಗಿದನು. ಕಣ್ಣು ಮರಳುವ ಉಪಾಯವನ್ನು ಹೇಳಿಕೊಟ್ಟನು. ಧೌಮ್ಯನು ಹಾಲನ್ನು ಮಾರಿ ಅರಮನೆ ಕಟ್ಟಲಿಲ್ಲ. ಹಾಲನ್ನು ಮಾರುವ ಗುರುವು, ಶಿಷ್ಯನು ಬಾವಿಗೆ ಬಿದ್ದ ದಿನ ಬೇರೊಬ್ಬ ಹುಡುಗನನ್ನು ಹಸುಕಾಯಲು ಕರೆತಂದರೆ, ಅದನ್ನು ಪರೀಕ್ಷೆಯೆಂದು ಹೇಳಲಾಗದು. ೧೯೭೩ರಿಂದ ಅನೇಕ ವರ್ಷ ವಿದ್ಯಾರ್ಥಿವೇತನವನ್ನು ವರ್ಷಕ್ಕೊಮ್ಮೆ ನವೀಕರಿಸುವ ಪದ್ಧತಿಯೇ ಅಲ್ಲಿ ನಡೆಯಿತು. ಪೆಟ್ಟುಬಿದ್ದವನಿಗೆ ಮರುವರ್ಷದ ಊಟವೂ ಓದೂ ಕಾಲೇಜಿನವರ ಕೃಪೆಗೆ ಸೇರಿದುವು.

೬

ಗ್ರೇಂಜ್ ನಿಯಮದ ಕೋಟೆಗೆ ಮೊದಲ ದೊಡ್ಡ ಬಿರುಕು ಬಂದುದು ೧೯೮೩ರಲ್ಲಿ. ಹೊಸದಾಗಿ ಹುಟ್ಟಿದ ಒಂದು ಎದುರಾಳಿ ಲೀಗು, ಜಾರ್ಜಿಯ ವಿಶ್ವವಿದ್ಯಾಲಯದಲ್ಲಿ ಮೂರೇ ಋತುಗಳನ್ನಾಡಿ ಹೈಸ್‌ಮನ್ ಪ್ರಶಸ್ತಿಯನ್ನು ಗೆದ್ದಿದ್ದ ಹರ್ಶಲ್ ವಾಕರನನ್ನು ಒಂದು ವರ್ಷ ಮುಂಚಿತವಾಗಿ ಸೇರಿಸಿಕೊಂಡಿತು. ಅನೇಕ ಕಾಲೇಜುಗಳು ಆ ಲೀಗಿನವರಿಗೆ ಬಾಗಿಲುಮುಚ್ಚಿದುವು. ಇದೇ ಸಮಯದಲ್ಲಿ, ೧೯೮೪ರಲ್ಲಿ, ದೂರದರ್ಶನದ ಹಕ್ಕುಗಳನ್ನು ಎನ್.ಸಿ.ಎ.ಎ. ಒಂದೇ ಕಟ್ಟಿಡಬಾರದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ತನ್ನ ಆಟವನ್ನು ಬೇಕಾದವರಿಗೆ ಮಾರುವ ಸ್ವಾತಂತ್ರ್ಯವು ಕಾಲೇಜಿಗೆ ದೊರೆಯಿತು. ತನ್ನ ಆಟವನ್ನು ಮಾರುವ ಸ್ವಾತಂತ್ರ್ಯವು ಹುಡುಗನಿಗೆ ದೊರೆಯಲಿಲ್ಲ.

೧೯೮೯ರಲ್ಲಿ ಬ್ಯಾರಿ ಸ್ಯಾಂಡರ್ಸನೂ ಮೂರು ವರ್ಷಗಳ ಬಳಿಕವೇ ಲೀಗನ್ನು ಪ್ರವೇಶಿಸಿದನು. ನ್ಯಾಯಾಲಯದ ಭಯದಿಂದ ೧೯೯೦ರಲ್ಲಿ ಲೀಗು ನಿಯಮವನ್ನು ಸಡಿಲಿಸಿ, ಹೈಸ್ಕೂಲು ಮುಗಿದು ಮೂರು ವರ್ಷವಾದರೆ ಸಾಕೆಂದಿತು. ನಾಲ್ಕು ಮೂರಾಯಿತು. ಈ ಮೂರೇ ಇಂದಿಗೂ ನಿಂತಿದೆ.

ಮೂರನ್ನು ಒಂದಕ್ಕೆ ಇಳಿಸಲು ಯತ್ನಿಸಿದವನು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮಾರಿಸ್ ಕ್ಲಾರೆಟ್. ಮೊದಲ ವರ್ಷದಲ್ಲಿಯೇ ತನ್ನ ತಂಡವು ೨೦೦೩ರ ಜನವರಿಯಲ್ಲಿ ರಾಷ್ಟ್ರಪದವಿಯನ್ನು ಗೆಲ್ಲಲು ಅವನು ಮುಖ್ಯ ಕಾರಣನಾದನು. ನಿಷಿದ್ಧವಾದ ಲಾಭಗಳನ್ನು ಪಡೆದನೆಂದೂ ವಿಚಾರಣೆಯಲ್ಲಿ ಸತ್ಯವನ್ನು ಮುಚ್ಚಿದನೆಂದೂ ಕಾಲೇಜು ಅವನನ್ನು ಮರುವರ್ಷ ಆಟದಿಂದ ಹೊರಗಿರಿಸಿತು. ಕಾಲೇಜಿನಲ್ಲಿ ಆಡುವಂತಿಲ್ಲ, ಲೀಗಿನಲ್ಲಿ ಸೇರಿಸುವುದಿಲ್ಲ. ಅವನು ನ್ಯಾಯಾಲಯಕ್ಕೆ ಹೋದನು. ೨೦೦೪ರ ಫೆಬ್ರವರಿಯಲ್ಲಿ ನ್ಯಾಯಾಧೀಶೆ ಶೈಂಡ್ಲಿನ್ ಅವರು ಈ ನಿಯಮವು ಒಬ್ಬನ ಜೀವನೋಪಾಯಕ್ಕೆ ಕಾನೂನುಬಾಹಿರವಾದ ತಡೆಯೆಂದು ತೀರ್ಪಿತ್ತರು. ಮೂರೇ ತಿಂಗಳಲ್ಲಿ ಮೇಲಿನ ನ್ಯಾಯಪೀಠವು ಅದನ್ನು ತಳ್ಳಿಹಾಕಿತು. ಆ ತೀರ್ಪನ್ನು ಬರೆದವರು ಮುಂದೆ ಸರ್ವೋಚ್ಚ ನ್ಯಾಯಾಲಯವನ್ನು ಸೇರಿದ ಸೋನಿಯಾ ಸೋಟೊಮೇಯರ್ ಅವರು. ಯಾರು ಕೆಲಸಕ್ಕೆ ಅರ್ಹರೆಂಬುದು ತಂಡಗಳ ಒಡೆಯರಿಗೂ ಆಟಗಾರರ ಸಂಘಕ್ಕೂ ನಡುವಣ ಸಾಮೂಹಿಕ ಒಡಂಬಡಿಕೆಗೆ ಸೇರಿದ ಮಾತು. ಅದರಲ್ಲಿ ವ್ಯಾಪಾರಸ್ಪರ್ಧೆಯ ಕಾನೂನು ಕೈಹಾಕದು, ಎಂಬುದು ಅವರ ವಾದದ ಸಾರ.

ಕಾನೂನಿನ ದೃಷ್ಟಿಯಿಂದ ಇದು ಗಟ್ಟಿಯಾದ ವಾದ. ಆದರೆ ಧರ್ಮದೃಷ್ಟಿಯಿಂದ ಒಂದು ಸಂದೇಹ ಉಳಿಯುತ್ತದೆ. ಸಂಘದಲ್ಲಿರುವವರು ಈಗಾಗಲೇ ಆಡುತ್ತಿರುವವರು. ಹೊಸಬನೊಬ್ಬನು ಒಳಗೆ ಬಂದರೆ ಹಳಬನೊಬ್ಬನು ಹೊರಗೆ ಹೋಗಬೇಕು. ಹೊರಗಿನವನ ಹಕ್ಕನ್ನು ಅವನಿಂದ ನಷ್ಟಹೊಂದುವ ಒಳಗಿನವನು ಬಿಟ್ಟುಕೊಟ್ಟರೆ, ಅದನ್ನು ತ್ಯಾಗವೆನ್ನಬಹುದೆ?

ಕ್ಲಾರೆಟನನ್ನು ೨೦೦೫ರಲ್ಲಿ ಡೆನ್ವರ್ ತಂಡವು ಆರಿಸಿ, ಋತುವಿಗೆ ಮೊದಲೇ ಬಿಟ್ಟಿತು. ಲೀಗಿನಲ್ಲಿ ಅವನು ಒಂದು ಪಂದ್ಯವನ್ನೂ ಆಡಲಿಲ್ಲ. ಮರುವರ್ಷ ಅಪರಾಧಕ್ಕೆ ಸಿಕ್ಕಿ ಸೆರೆಮನೆಯನ್ನು ಕಂಡನು; ಬಿಡುಗಡೆಯಾದಮೇಲೆ ತರುಣರ ಹಿತಕ್ಕಾಗಿ ದುಡಿದನು. ಮೊದಲ ತೀರ್ಪನ್ನು ನಂಬಿ ಕಾಲೇಜಿನ ಅರ್ಹತೆಯನ್ನು ಬಿಟ್ಟುಬಂದ ಮೈಕ್ ವಿಲಿಯಮ್ಸ್ ಎಂಬ ಮತ್ತೊಬ್ಬ ಆಟಗಾರನು, ಎರಡನೆಯ ತೀರ್ಪು ಬಂದಾಗ ಎರಡು ಬಾಗಿಲುಗಳ ನಡುವೆ ನಿಂತನು. ಎನ್.ಸಿ.ಎ.ಎ. ಅವನನ್ನು ಮರಳಿ ಸೇರಿಸಲೊಲ್ಲದೆ ಅವನಿಗೆ ೨೦೦೪ರ ಋತುವು ವ್ಯರ್ಥವಾಯಿತು. ನ್ಯಾಯಾಲಯವನ್ನು ನಂಬಿದವನಿಗೆ ಶಿಕ್ಷೆಯಾಯಿತೆಂದರೆ ಅತಿಶಯವಲ್ಲ.

೭

ಇನ್ನು ಪೂರ್ವಪಕ್ಷ ಸಿದ್ಧಾಂತಗಳನ್ನು ವಿಚಾರಿಸೋಣ.

ನಿಯಮವನ್ನು ಸಮರ್ಥಿಸುವವರ ಮೊದಲನೆಯ ವಾದವು ದೇಹದ್ದು. ಹದಿನೆಂಟು ಹತ್ತೊಂಬತ್ತರ ಎಳೆಯ ಮೈ, ಮೂವತ್ತರ ಪಳಗಿದ ಆಟಗಾರರ ಏಟನ್ನು ತಾಳಲಾರದು. ಬ್ಯಾಸ್ಕೆಟ್‌ಬಾಲಿನಲ್ಲಿ ಹೈಸ್ಕೂಲಿನಿಂದ ನೇರವಾಗಿ ಬಂದು ಮೆರೆದವರಿದ್ದಾರೆ, ಬೇಸ್‌ಬಾಲಿನಲ್ಲಿ ಹದಿನೆಂಟರವರನ್ನು ಸೇರಿಸಿ ಕೆಳಗಿನ ತಂಡಗಳಲ್ಲಿ ಪಳಗಿಸುವರು; ಆದರೆ ಫುಟ್‌ಬಾಲಿನ ಏಟು ಬೇರೆ. ಈ ವಾದದಲ್ಲಿ ಸತ್ಯವಿದೆ. ಅದನ್ನು ಅಲ್ಲಗಳೆಯುವುದು ಹಟವಾಗುತ್ತದೆ.

ಆದರೆ ಕಾಲೇಜಿನ ಬಯಲು ಮೆತ್ತನೆಯ ಹಾಸಿಗೆಯೇನಲ್ಲ. ದಕ್ಷಿಣ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮಾರ್ಕಸ್ ಲ್ಯಾಟಿಮೋರನು ಎರಡನೆಯ ವರ್ಷ ಒಂದು ಮೊಳಕಾಲನ್ನೂ, ಮೂರನೆಯ ವರ್ಷವಾದ ೨೦೧೨ರಲ್ಲಿ ಮತ್ತೊಂದನ್ನೂ ಕೆಡಿಸಿಕೊಂಡನು. ೨೦೧೩ರಲ್ಲಿ ನಾಲ್ಕನೆಯ ಸುತ್ತಿನಲ್ಲಿ ಅವನನ್ನು ಆರಿಸಿದರು. ಒಂದು ಪಂದ್ಯವನ್ನೂ ಆಡಲಾರದೆ ೨೦೧೪ರಲ್ಲಿ ನಿವೃತ್ತನಾದನು. ಅವನ ಮೈ ಲೀಗಿನ ಹಿರಿಯರ ಏಟಿಗೆ ಮುರಿದುದಲ್ಲ, ನಿಯಮವು ಅವನನ್ನು ಕಾಯಿಸಿದ ವರ್ಷಗಳಲ್ಲಿ ಮುರಿದುದು. ಮಿದುಳಿನ ವಿಷಯವಂತೂ ಇನ್ನೂ ಘೋರ. ಬೆನೆಟ್ ಒಮಾಲು ಎಂಬ ವೈದ್ಯರು ೨೦೦೨ರಲ್ಲಿ ಒಬ್ಬ ಹಳೆಯ ಆಟಗಾರನ ಮಿದುಳನ್ನು ಪರೀಕ್ಷಿಸಿ, ಪದೇಪದೇ ಬಿದ್ದ ಪೆಟ್ಟಿನಿಂದ ಬರುವ ಕ್ಷಯವನ್ನು ಕಂಡರು. ೨೦೧೭ರಲ್ಲಿ ಪ್ರಕಟವಾದ ಬಾಸ್ಟನ್ ನಗರದ ಸಂಶೋಧಕರ ಪರೀಕ್ಷೆಯಲ್ಲಿ, ದಾನವಾಗಿ ಬಂದ ಮಿದುಳುಗಳಲ್ಲಿ ಲೀಗಿನ ೧೧೧ ಆಟಗಾರರ ಪೈಕಿ ೧೧೦ ಮಂದಿಯಲ್ಲಿ ಈ ವ್ಯಾಧಿಯು ಕಂಡುಬಂದಿತು. ಕಾಲೇಜಿನ ಮಟ್ಟದವರೆಗೆ ಮಾತ್ರ ಆಡಿದ್ದ ೫೩ ಮಂದಿಯ ಪೈಕಿ ೪೮ ಮಂದಿಯಲ್ಲಿಯೂ ಅದೇ ಕಂಡಿತು. ಬೇನೆಯನ್ನು ಕಂಡ ಮನೆಯವರೇ ಹೆಚ್ಚಾಗಿ ಮಿದುಳನ್ನು ದಾನಮಾಡಿದುದರಿಂದ ಈ ಲೆಕ್ಕವನ್ನು ಎಲ್ಲ ಆಟಗಾರರಿಗೂ ಹಚ್ಚಲಾಗದು. ಆದರೂ ಒಂದು ಮಾತು ಸಿದ್ಧ: ಪೆಟ್ಟು ವೇತನವನ್ನು ನೋಡಿ ಬೀಳುವುದಿಲ್ಲ. ದೇಹರಕ್ಷಣೆಯೇ ಉದ್ದೇಶವಾದರೆ ಪುಕ್ಕಟೆ ಬೀಳುವ ಪೆಟ್ಟಿಗೂ ರಕ್ಷಣೆ ಬೇಕು.

ಎರಡನೆಯ ವಾದವು ವಿದ್ಯೆಯದು. ಮುಂಚೆ ಹೋದವನು ಓದನ್ನು ಕಳೆದುಕೊಳ್ಳುವನು. ಆಟವು ಮುಗಿದಮೇಲೆ ಬರಿಗೈಯಲ್ಲಿ ನಿಲ್ಲುವನು. ಆಟಗಾರರ ಸಂಘದ ಲೆಕ್ಕದಂತೆ ಲೀಗಿನಲ್ಲಿ ಒಬ್ಬನ ಸರಾಸರಿ ಆಯುಷ್ಯ ಮೂರು ವರ್ಷಕ್ಕೆ ತುಸು ಮೇಲು. ಕಾಲೇಜುಗಳಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಆಡುತ್ತಿದ್ದರೆ, ವರ್ಷವೊಂದಕ್ಕೆ ಡ್ರಾಫ್ಟಿನಲ್ಲಿ ಆಯ್ಕೆಯಾಗುವವರು ಸುಮಾರು ೨೫೦ ಮಂದಿ. ಉಪಾಧ್ಯಾಯವೃತ್ತಿಯಲ್ಲಿ ತಲೆನರೆತ ನನಗೆ ಈ ವಾದವೇ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸುವುದು. ಹೊಟ್ಟೆಪಾಡಿಗಾಗಿ ಪಾಠವನ್ನು ನಡುವೆ ಬಿಟ್ಟುಹೋದ ಬುದ್ಧಿವಂತ ಹುಡುಗರ ಮುಖಗಳು ಯಾವ ಉಪಾಧ್ಯಾಯನಿಗೂ ಮರೆಯುವುದಿಲ್ಲ.

ಆದರೆ ಬಿಟ್ಟುಹೋದವನು ಮರಳಿ ಬರಬಾರದೆಂದು ಯಾರು ಹೇಳಿದರು? ೧೯೯೦ರಲ್ಲಿ ಫ್ಲಾರಿಡ ವಿಶ್ವವಿದ್ಯಾಲಯವನ್ನು ಒಂದು ವರ್ಷ ಮುಂಚೆ ಬಿಟ್ಟ ಎಮಿಟ್ ಸ್ಮಿತ್, ತಾಯಿಗೆ ಕೊಟ್ಟ ಮಾತಿನಂತೆ ಬಿಡುವಿನ ತಿಂಗಳುಗಳಲ್ಲಿ ಓದಿ ೧೯೯೬ರಲ್ಲಿ ಪದವಿಯನ್ನು ಪಡೆದನು. ವಿದ್ಯೆಗೆ ವಯಸ್ಸಿನ ಗಡಿಯಿಲ್ಲ, ಮೊಳಕಾಲಿಗೆ ಇದೆ. ಇಪ್ಪತ್ತರಲ್ಲಿ ಓದದಿದ್ದುದನ್ನು ಮೂವತ್ತರಲ್ಲಿ ಓದಬಹುದು. ಇಪ್ಪತ್ತರಲ್ಲಿ ಆಡದಿದ್ದುದನ್ನು ಮೂವತ್ತೈದರಲ್ಲಿ ಆಡಲಾಗದು. ತರುಣನಿಗೆ ನಿಜವಾಗಿ ಹಾನಿಮಾಡಿದುದು ಬೇಗನೆ ಹೊರಟುದಲ್ಲ, ಹೊರಟವನ ಹಿಂದೆ ಬಾಗಿಲು ಹಾಕಿದುದು. ಡ್ರಾಫ್ಟಿಗೆ ಹೆಸರುಕೊಟ್ಟು ಹಿಂತೆಗೆದುಕೊಳ್ಳುವ ಕೆಲವು ದಿನಗಳ ಗಡುವು ಕಳೆದರೆ, ಯಾವ ತಂಡವೂ ಆರಿಸದಿದ್ದರೂ ಅವನು ಕಾಲೇಜಿನ ಆಟಕ್ಕೆ ಮರಳುವಂತಿಲ್ಲವೆಂಬುದು ಬಹುಕಾಲದ ಕಟ್ಟಳೆ. ಆಟವ ಕಳೆದುಕೊಂಡವನಿಗೆ ಅದರೊಡನೆಯೇ ವಿದ್ಯಾರ್ಥಿವೇತನವೂ ಹೋಗುತ್ತಿತ್ತು.

ಮೂರನೆಯ ವಾದವು ಅವಿವೇಕದ್ದು. ಹತ್ತೊಂಬತ್ತರ ಹುಡುಗನಿಗೆ ಹಣದ ಮೋಹ ಹೆಚ್ಚು, ದಲ್ಲಾಳಿಗಳು ಸುತ್ತುವರಿಯುವರು, ಲೋಕವನ್ನು ತಿಳಿಯನು ಎಂಬುದು. ಕ್ಲಾರೆಟನ ಕಥೆಯನ್ನು ಇದಕ್ಕೆ ಉದಾಹರಿಸುವರು. ಆದರೆ ಕ್ಲಾರೆಟನು ಹಾಳಾದುದು ಬೇಗನೆ ಹಣ ಸಿಕ್ಕಿ ಅಲ್ಲ. ಎರಡು ವರ್ಷ ಎಲ್ಲಿಯೂ ಆಡದೆ ಕುಳಿತು. ಅವಿವೇಕಕ್ಕೆ ಮದ್ದು ತಿಳಿವಳಿಕೆ; ಲೀಗಿನವರೇ ನೇಮಿಸಿದ ಒಂದು ಸಮಿತಿಯು, ಕೇಳಿದ ತರುಣನಿಗೆ ‘ನೀನು ಇಂಥ ಸುತ್ತಿನಲ್ಲಿ ಆಯ್ಕೆಯಾಗಬಹುದು’ ಅಥವಾ ‘ಕಾಲೇಜಿನಲ್ಲಿಯೇ ಇರು’ ಎಂದು ಹೇಳುವ ಪದ್ಧತಿಯಿದೆ. ಇದು ಬೇಲಿಗಿಂತ ಒಳ್ಳೆಯ ಉಪಾಯ.

೮

ಈಚಿನ ವರ್ಷಗಳಲ್ಲಿ ವ್ಯಾಜ್ಯದ ನೆಲವೇ ಕದಲಿದೆ. ೨೦೨೧ರ ಜೂನ್ ೨೧ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರೂ ಏಕಮತದಿಂದ, ವಿದ್ಯೆಗೆ ಸಂಬಂಧಿಸಿದ ಸೌಲಭ್ಯಗಳಿಗೆ ಎನ್.ಸಿ.ಎ.ಎ. ಮಿತಿಹಾಕುವುದು ಕಾನೂನಿಗೆ ವಿರೋಧವೆಂದರು. ಅದೇ ಜುಲೈ ೧ರಿಂದ ಆಟಗಾರರು ತಮ್ಮ ಹೆಸರು ಭಾವಚಿತ್ರಗಳ ಬಳಕೆಗೆ ವ್ಯಾಪಾರಿಗಳಿಂದ ಹಣಪಡೆಯಲು ಅನುಮತಿಯಾಯಿತು. ೨೦೨೫ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅವರು ಒಪ್ಪಿದ ರಾಜಿಯಂತೆ, ಹಳೆಯ ಆಟಗಾರರಿಗೆ ಸುಮಾರು ೨೮೦ ಕೋಟಿ ಡಾಲರುಗಳನ್ನು ಕೊಡಬೇಕಾಯಿತು. ಒಂದೊಂದು ಕಾಲೇಜೂ ಮೊದಲ ವರ್ಷದಲ್ಲಿ ಸುಮಾರು ೨ ಕೋಟಿ ೫ ಲಕ್ಷ ಡಾಲರುಗಳವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದೆಂದಾಯಿತು. ಗ್ರೇಂಜನ ಪ್ರಶ್ನೆಗೆ ಉತ್ತರ ಬರಲು ನೂರು ವರ್ಷ ಹಿಡಿಯಿತು.

ಇದರ ಪರಿಣಾಮವೊಂದು ಬಹಳ ಬೋಧಪ್ರದವಾಗಿದೆ. ಕಾಲೇಜಿನಲ್ಲಿಯೇ ಹಣ ದೊರೆಯತೊಡಗಿದ ಮೇಲೆ ಮುಂಚಿತವಾಗಿ ಲೀಗಿಗೆ ಹೋಗುವವರ ಸಂಖ್ಯೆಯು ಇಳಿಯಿತು. ಹುಡುಗರನ್ನು ವಿದ್ಯಾಲಯದಲ್ಲಿ ನಿಲ್ಲಿಸಲು ನೂರು ವರ್ಷ ನಿಷೇಧಗಳನ್ನು ಮಾಡಿದರು. ಅವರನ್ನು ನಿಲ್ಲಿಸಿದುದು ನಿಷೇಧವಲ್ಲ, ನ್ಯಾಯವಾದ ಪಾಲು. ಆದರೆ ಹೊಸ ಅಪಾಯವೂ ಬಂದಿದೆ. ಹೆಚ್ಚು ಕೊಡುವ ಕಾಲೇಜನ್ನು ಹುಡುಕಿ ವರ್ಷಕ್ಕೊಂದು ಕಾಲೇಜಿಗೆ ವಲಸೆಹೋಗುವವರು ಹೆಚ್ಚಿದ್ದಾರೆ. ಮೂರು ಕಾಲೇಜುಗಳಲ್ಲಿ ಆಡಿದವನು ಯಾವುದರಲ್ಲಿ ಓದಿದನು? ಹಣದ ಅನ್ಯಾಯವು ಹೋದಷ್ಟರಿಂದ ವಿದ್ಯೆಯ ಅಭಾವವು ಹೋಗಲಿಲ್ಲ.

ಆದುದರಿಂದ ನನಗೆ ತೋರುವ ನಿರ್ಣಯವಿದು. ವಯಸ್ಸಿಗೆ ಬಂದ ತರುಣನಿಗೆ, ತನ್ನ ದೇಹದಿಂದ ದುಡಿಯುವ ಕಾಲವನ್ನು ತಾನೇ ಆರಿಸುವ ಹಕ್ಕು ಇರಬೇಕು. ಅವನ ಮೈ ಸಿದ್ಧವಾಗಿಲ್ಲವೆಂದು ಶಂಕೆಯಿದ್ದರೆ ವೈದ್ಯರು ಒಬ್ಬೊಬ್ಬನನ್ನೂ ಪರೀಕ್ಷಿಸಿ ಹೇಳಲಿ. ಎಲ್ಲರಿಗೂ ಒಂದೇ ಪಂಚಾಂಗವನ್ನು ಹಿಡಿಯುವುದು ವೈದ್ಯವಲ್ಲ. ಹೊರಟವನಿಗೆ ವಿದ್ಯಾಲಯದ ಬಾಗಿಲು ತೆರೆದಿರಲಿ. ಕಾಲೇಜಿಗಾಗಿ ಅವನು ಆಡಿದ ಒಂದೊಂದು ಋತುವಿಗೂ ಒಂದೊಂದು ವರ್ಷದ ಓದು ಅವನ ಹೆಸರಿನಲ್ಲಿ ಠೇವಣಿಯಾಗಿರಲಿ. ಇಪ್ಪತ್ತೈದರಲ್ಲಿ ಬಂದರೂ ನಲವತ್ತರಲ್ಲಿ ಬಂದರೂ ಸಲ್ಲಲಿ. ಕಾಲೇಜಿನ ಆಟದಲ್ಲಿ ಬಿದ್ದ ಪೆಟ್ಟಿನ ಚಿಕಿತ್ಸೆಯು ಕಾಲೇಜಿನ ಋಣವಾಗಿರಲಿ, ಕೃಪೆಯಾಗಿರಬಾರದು.

ಸಮಾವರ್ತನದಲ್ಲಿ ಶಿಷ್ಯನನ್ನು ಕಳುಹಿಸುವಾಗ ಗುರುವು ಅವನಿಗೆ ಸ್ವಾಧ್ಯಾಯವನ್ನು ಬಿಡಬೇಡವೆಂದು ಉಪದೇಶಿಸುವನು. ಗುರುಕುಲವನ್ನು ಬಿಟ್ಟರೂ ಓದನ್ನು ಬಿಡಬಾರದೆಂಬುದೇ ಅದರ ತಾತ್ಪರ್ಯ. ಶಿಷ್ಯನು ಯಾವಾಗ ಹೊರಡಬೇಕೆಂಬುದನ್ನು ಕುರಿತು ಅಮೆರಿಕದ ವಿದ್ಯಾಲಯಗಳು ನೂರು ವರ್ಷ ವಾದಿಸಿದುವು. ಹೊರಟ ಶಿಷ್ಯನ ಕೈಯಲ್ಲಿ ಏನನ್ನು ಕೊಟ್ಟು ಕಳುಹಿಸಿದೆವೆಂಬುದನ್ನು ಇನ್ನಾದರೂ ಅವು ಲೆಕ್ಕಹಾಕಲಿ.